ನಾರ್ವೆಯ ಕ್ರಿಸ್‌ಮಸ್ ಅಡುಗೆ ಮತ್ತು ಮನೆತನದ ಬಳುವಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ವೆಯವರು ಕ್ರಿಸ್‌ಮಸ್ ಹಬ್ಬವನ್ನು ‘ಯೂಲ್’ ಎಂದು ಕರೆಯುತ್ತಾರೆ. ಆ ಹಬ್ಬದ ಅಡುಗೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವ ಕುಟುಂಬಗಳು ನಾರ್ವೆಯಲ್ಲಿಯೂ ಇವೆ, ಅಲ್ಲಿಂದ ವಲಸೆ ಹೋದವರು ನೆಲೆಸಿದ ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಅಯೋವಾ ಮತ್ತು ಉತ್ತರ ಡಕೋಟ ರಾಜ್ಯಗಳಲ್ಲಿಯೂ ಇವೆ. ಅಂಥ ಮನೆಗಳಿಗೆ ಸೊಸೆಯಾಗಿ, ಅಳಿಯನಾಗಿ ಹೋದ ಕನ್ನಡಿಗರು, ನೆರೆಹೊರೆಯಲ್ಲಿ ಇರುವವರು ಮತ್ತು ಕುತೂಹಲದಿಂದ ಓದುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ.

ಹಬ್ಬದ ಮುಖ್ಯ ಊಟ ಯಾವ ದಿನ ನಡೆಯುತ್ತದೆ?

ಡಿಸೆಂಬರ್ 24ರ ಸಂಜೆ. ಅಂದು ಸಂಜೆ 5 ಗಂಟೆಗೆ ನಾರ್ವೆಯ ಚರ್ಚುಗಳ ಗಂಟೆಗಳು ಮೊಳಗಿ ಹಬ್ಬವನ್ನು ಬರಮಾಡಿಕೊಳ್ಳುತ್ತವೆ, ಆಮೇಲೆ ಮನೆಮಂದಿಯೆಲ್ಲ ಊಟಕ್ಕೆ ಕೂರುತ್ತಾರೆ, ಊಟ ಮುಗಿದ ಮೇಲೆ ಉಡುಗೊರೆಗಳನ್ನು ಬಿಚ್ಚುತ್ತಾರೆ. 25ನೆಯ ತಾರೀಖು ಬಹುಮಟ್ಟಿಗೆ ಮನೆಯೊಳಗೇ ಕಳೆಯುವ ಶಾಂತ ದಿನ. 23ನ್ನು ‘ಚಿಕ್ಕ ಕ್ರಿಸ್‌ಮಸ್ ಮುನ್ನಾದಿನ’ ಎನ್ನುತ್ತಾರೆ. ಗಿಡಕ್ಕೆ ಅಲಂಕಾರ ಮಾಡುವುದು ಎಷ್ಟೋ ಮನೆಗಳಲ್ಲಿ ಅಂದೇ. ಹಬ್ಬದ ತಿನಿಸುಗಳ ಕಾಲ ಮಾತ್ರ ಇದಕ್ಕಿಂತ ಬಹಳ ಉದ್ದವಾದದ್ದು. ನವೆಂಬರ್ ಕೊನೆಯಿಂದಲೇ ಕಚೇರಿಗಳಲ್ಲಿ, ಹೋಟೆಲುಗಳಲ್ಲಿ ‘ಯೂಲೆಬೋರ್ಡ್’ ಎಂಬ ಔತಣಗಳು ಶುರುವಾಗುತ್ತವೆ, ಹಳೆಯ ಲೆಕ್ಕದ ಪ್ರಕಾರ ಹಬ್ಬ ಮುಗಿಯುವುದು ಇಪ್ಪತ್ತನೆಯ ದಿನ, ಅಂದರೆ ಜನವರಿ 13ರಂದು.

ನಾರ್ವೆಯ ಎಲ್ಲ ಮನೆಗಳಲ್ಲೂ ಒಂದೇ ಅಡುಗೆಯೇ?

ಇಲ್ಲ. ಈ ವಿಷಯವನ್ನು ತಿಳಿಯಬೇಕೆಂದರೆ ಮೊದಲು ಅರಿಯಬೇಕಾದದ್ದು ಇದನ್ನೇ. ‘ನಾರ್ವೆಯ ಕ್ರಿಸ್‌ಮಸ್ ಊಟ’ ಎಂದು ದೇಶಕ್ಕೆಲ್ಲ ಒಪ್ಪಿಗೆಯಾಗುವ ಒಂದೇ ಊಟವಿಲ್ಲ. ಇರುವುದು ಒಂದೊಂದು ಸೀಮೆಯ, ಇನ್ನೂ ಸರಿಯಾಗಿ ಹೇಳುವುದಾದರೆ ಒಂದೊಂದು ಮನೆಯ ಊಟ.

ಓಸ್ಲೊ ಸುತ್ತಲಿನ ಪೂರ್ವ ಭಾಗದಲ್ಲಿ ಮತ್ತು ಟ್ರೊಂಡ್‌ಹೈಮ್ ಕಡೆಯ ಟ್ರೊಂಡೆಲಾಗ್‌ನಲ್ಲಿ ‘ರಿಬ್ಬೆ’ ಮುಖ್ಯ. ಇದು ಚರ್ಮ ಮತ್ತು ಪಕ್ಕೆಲುಬಿನ ಸಮೇತ ಒಲೆಯಲ್ಲಿ ಬೇಯಿಸಿದ ಹಂದಿಯ ಹೊಟ್ಟೆಯ ಭಾಗದ ಮಾಂಸ. ಬೆರ್ಗೆನ್ ಸುತ್ತಲಿನ ಪಶ್ಚಿಮ ಕರಾವಳಿಯಲ್ಲಿ ‘ಪಿನ್ನೆಶೊಟ್’, ಅಂದರೆ ಉಪ್ಪು ಹಾಕಿ ಒಣಗಿಸಿದ ಕುರಿಮರಿಯ ಪಕ್ಕೆಲುಬುಗಳು. ವೊಸ್ ಮುಂತಾದ ಕಡೆ ಒಣಗಿಸುವುದಕ್ಕೆ ಮೊದಲು ಹೊಗೆಯನ್ನೂ ಹಾಕುತ್ತಾರೆ. ದಕ್ಷಿಣ ಕರಾವಳಿಯ ಎಷ್ಟೋ ಮನೆಗಳಲ್ಲಿ ತಾಜಾ ಕಾಡ್ ಮೀನನ್ನು ಬೇಯಿಸುವ ರೂಢಿಯಿದೆ. ಉತ್ತರದಲ್ಲಿ ಮೀನಿನ ಪಾಲು ಹೆಚ್ಚು, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಮನೆಗಳಲ್ಲಿ ಹಿಮಸಾರಂಗದ ಮಾಂಸಕ್ಕೆ ಮೊದಲ ಸ್ಥಾನ. ಇಂದು ಇಡೀ ದೇಶವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 24ರ ಸಂಜೆ ರಿಬ್ಬೆ ತಿನ್ನುವವರೇ ಹೆಚ್ಚು, ಅವರ ಹಿಂದೆಯೇ ಪಿನ್ನೆಶೊಟ್‌ನವರು ಬರುತ್ತಾರೆ. ಹಿಂದೆ ಪಶ್ಚಿಮಕ್ಕೆ ಸೀಮಿತವಾಗಿದ್ದ ಪಿನ್ನೆಶೊಟ್ ಈಗ ಓಸ್ಲೊದ ಅಂಗಡಿಗಳಲ್ಲೂ ರಾಶಿರಾಶಿಯಾಗಿ ಸಿಗುತ್ತದೆ.

ಈ ಹಂಚಿಕೆಗೆ ಕಾರಣ ನೆಲದಲ್ಲಿಯೇ ಇದೆ. ಪೂರ್ವದ ಬಯಲಿನಲ್ಲಿ ಧಾನ್ಯ ಬೆಳೆದು ಹಂದಿ ಸಾಕುವುದು ಸುಲಭವಾಗಿತ್ತು. ಪಶ್ಚಿಮದ ಕಡಿದಾದ ಗುಡ್ಡಗಳಲ್ಲಿ ಕುರಿ ಮಾತ್ರ ಹೊಟ್ಟೆ ಹೊರೆದುಕೊಳ್ಳಬಲ್ಲದು, ಶರತ್ಕಾಲದಲ್ಲಿ ಕಡಿದ ಕುರಿಯನ್ನು ಉಪ್ಪು ಹಾಕಿ ಕಾಪಾಡದಿದ್ದರೆ ಡಿಸೆಂಬರಿಗೆ ಉಳಿಯುತ್ತಿರಲಿಲ್ಲ.

ಗಂಡ ಒಂದು ಸೀಮೆಯವನು, ಹೆಂಡತಿ ಇನ್ನೊಂದು ಸೀಮೆಯವಳು ಆದರೆ?

ಮದುವೆಯಾದ ಮೊದಲ ಡಿಸೆಂಬರಿನಲ್ಲಿ ಇದು ನಿಜವಾಗಿಯೂ ಚರ್ಚೆಗೆ ಬರುವ ವಿಷಯ. ಒಂದು ವರ್ಷ ರಿಬ್ಬೆ, ಮರುವರ್ಷ ಪಿನ್ನೆಶೊಟ್ ಎಂದು ಒಪ್ಪಂದ ಮಾಡಿಕೊಳ್ಳುವವರಿದ್ದಾರೆ, 24ಕ್ಕೆ ಒಂದು ಮತ್ತು 31ಕ್ಕೆ ಇನ್ನೊಂದು ಎನ್ನುವವರಿದ್ದಾರೆ, ಎರಡನ್ನೂ ಒಂದೇ ಮೇಜಿಗೆ ತರುವವರೂ ಇದ್ದಾರೆ. ಎರಡೂ ಗಂಟೆಗಟ್ಟಲೆ ಒಲೆಯನ್ನು ಹಿಡಿದುಕೊಳ್ಳುವ ಅಡುಗೆಗಳಾದ್ದರಿಂದ ಕೊನೆಯ ದಾರಿಯನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ರಿಬ್ಬೆ ಚೆನ್ನಾಗಿ ಆಗಿದೆ ಎಂದು ಹೇಗೆ ಗೊತ್ತಾಗುತ್ತದೆ?

ಚರ್ಮದಿಂದ. ಅದು ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಚಾಕು ತಾಗಿದರೆ ಮುರಿಯುವಂತಿರಬೇಕು. ಇದಕ್ಕಾಗಿ ಚರ್ಮವನ್ನು ಚೌಕಚೌಕವಾಗಿ ಗೀರಿ, ಉಪ್ಪು ಮತ್ತು ಕಾಳುಮೆಣಸು ಉಜ್ಜಿ, ಒಂದೆರಡು ದಿನ ತಣ್ಣಗೆ ಇಡುತ್ತಾರೆ. ಬೇಯಿಸುವಾಗ ಮಾಂಸದ ನಡುಭಾಗ ಸ್ವಲ್ಪ ಎತ್ತರವಾಗಿರಲೆಂದು ಕೆಳಗೆ ಒಂದು ತಟ್ಟೆಯನ್ನು ಬೋರಲು ಹಾಕಿ, ಕರಗಿದ ಕೊಬ್ಬು ನಿಲ್ಲದೆ ಇಳಿದು ಹೋಗುವಂತೆ ಮಾಡುತ್ತಾರೆ. ತಳದಲ್ಲಿ ನೀರು ಹಾಕಿ, ಮೇಲೆ ಫಾಯಿಲ್ ಮುಚ್ಚಿ, ಸುಮಾರು 230 ಡಿಗ್ರಿ ಶಾಖದಲ್ಲಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿದ ಮೇಲೆ ಫಾಯಿಲ್ ತೆಗೆದು, ಶಾಖ ತಗ್ಗಿಸಿ, ಇನ್ನೂ ಎರಡು ಗಂಟೆಯಷ್ಟು ಬಿಡುತ್ತಾರೆ. ಜೊತೆಗೆ ಶಾಜೀರಿಗೆ ಹಾಕಿದ ಹುಳಿ-ಸಿಹಿ ಎಲೆಕೋಸು, ಹಂದಿ ಖೀಮಾದ ಉಂಡೆಗಳು ಮತ್ತು ಬೇಯಿಸಿದ ಆಲೂಗಡ್ಡೆ ಇರುತ್ತವೆ.

ಪಿನ್ನೆಶೊಟ್ ಮಾಡುವ ಕ್ರಮ ಏನು?

ಉಪ್ಪು ಹೀರಿ ಗಟ್ಟಿಯಾಗಿರುವ ಪಕ್ಕೆಲುಬುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ಒಂದು ಹಗಲು ಒಂದು ರಾತ್ರಿ, ಕೆಲವೊಮ್ಮೆ ಇನ್ನೂ ಕೆಲವು ಗಂಟೆ ಹೆಚ್ಚಾಗಿ ತಣ್ಣೀರಿನಲ್ಲಿ ನೆನೆಹಾಕಬೇಕು. ಅನಂತರ ದೊಡ್ಡ ಪಾತ್ರೆಯ ತಳದಲ್ಲಿ ತೊಗಟೆ ಸುಲಿದ ಬರ್ಚ್ ಮರದ ಕಡ್ಡಿಗಳನ್ನು ಅಡ್ಡಡ್ಡ ಜೋಡಿಸಿ, ಕಡ್ಡಿಗಳ ಮಟ್ಟಕ್ಕೆ ನೀರು ಹಾಕಿ, ಮೇಲೆ ಮಾಂಸವಿಟ್ಟು, ಸಣ್ಣ ಉರಿಯಲ್ಲಿ ಮೂರು ಗಂಟೆಯ ಹೊತ್ತು ಹಬೆಯಲ್ಲಿ ಬೇಯಿಸುತ್ತಾರೆ. ನಡುನಡುವೆ ನೀರು ಬತ್ತಿದೆಯೇ ಎಂದು ನೋಡುತ್ತಿರಬೇಕು. ಎಲುಬಿನಿಂದ ಮಾಂಸ ತಾನಾಗಿ ಬಿಡಿಸಿಕೊಂಡರೆ ಅಡುಗೆ ಮುಗಿಯಿತು. ತಳದಲ್ಲಿ ಉಳಿದ ಉಪ್ಪುಪ್ಪು ರಸವನ್ನು ಒಂದಿಷ್ಟು ಬೆಣ್ಣೆಯೊಂದಿಗೆ ರುಟಬಾಗ ಗಡ್ಡೆಯ ಮುದ್ದೆಗೆ ಬೆರೆಸುತ್ತಾರೆ. ರುಟಬಾಗ ಎಂದರೆ ಒಳಗೆ ಹಳದಿ ತಿರುಳಿರುವ, ಮಣ್ಣಿನಡಿ ಬೆಳೆಯುವ ಗಡ್ಡೆ. ಅದರ ಬದಲು ನವಿಲುಕೋಸು ತಂದರೆ ರುಚಿ ಬೇರೆಯಾಗುತ್ತದೆ.

ಲೂಟೆಫಿಸ್ಕ್ ಎಂದರೆ ಏನು? ಅದರ ಬಗ್ಗೆ ಅಷ್ಟೊಂದು ತಮಾಷೆ ಏಕೆ?

ಚಳಿಗಾಲದಲ್ಲಿ ಲೋಫೊಟೆನ್ ದ್ವೀಪಗಳ ಸುತ್ತ ಮೊಟ್ಟೆಯಿಡಲು ಬರುವ ಕಾಡ್ ಮೀನನ್ನು ಹಿಡಿದು, ಬಾಲಕ್ಕೆ ಬಾಲ ಕಟ್ಟಿ, ಮರದ ಚಪ್ಪರಗಳ ಮೇಲೆ ತೂಗುಹಾಕುತ್ತಾರೆ. ಉಪ್ಪನ್ನು ಸೋಕಿಸುವುದೇ ಇಲ್ಲ. ಫೆಬ್ರವರಿಯಿಂದ ಮೇ ತಿಂಗಳವರೆಗಿನ ತಣ್ಣನೆಯ ಗಾಳಿಗೆ ಅದು ಮರದ ತುಂಡಿನಷ್ಟು ಗಟ್ಟಿಯಾಗಿ ಒಣಗಿ, ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಈ ಒಣಮೀನನ್ನು ಹಲವು ದಿನ ನೀರಿನಲ್ಲಿ ನೆನೆಹಾಕಿ, ಆಮೇಲೆ ಕ್ಷಾರದ ನೀರಿನಲ್ಲಿ ಇಟ್ಟು, ಮತ್ತೆ ಹಲವು ದಿನ ನೀರು ಬದಲಿಸುತ್ತ ಕ್ಷಾರವನ್ನು ತೊಳೆದು ತೆಗೆದರೆ ಸಿಗುವುದೇ ಲೂಟೆಫಿಸ್ಕ್. ಹಿಂದೆ ಬರ್ಚ್ ಮರದ ಬೂದಿಯಿಂದ ಕ್ಷಾರ ತೆಗೆಯುತ್ತಿದ್ದರು, ಈಗ ಕಾಸ್ಟಿಕ್ ಸೋಡಾ ಬಳಸುತ್ತಾರೆ. ಕ್ಷಾರ ಮೀನಿನ ಪ್ರೋಟೀನನ್ನು ಸಡಿಲಗೊಳಿಸುವುದರಿಂದ ಅದು ನೀರು ಹೀರಿ ಉಬ್ಬುತ್ತದೆ, ಬೆಂದ ಮೇಲೆ ಅರೆಪಾರದರ್ಶಕವಾಗಿ, ಮುಟ್ಟಿದರೆ ನಡುಗುವ ಹದಕ್ಕೆ ಬರುತ್ತದೆ. ತಮಾಷೆಗೆಲ್ಲ ಕಾರಣ ಈ ಹದ ಮತ್ತು ಬೇಯುವಾಗ ಏಳುವ ವಾಸನೆ. ಮೀನಿಗಾದರೋ ತನ್ನದೇ ಆದ ರುಚಿ ಬಹಳ ಕಡಿಮೆ.

ಈ ವಿಧಾನ ಬಹಳ ಹಳೆಯದು. ಸ್ವೀಡನ್ನಿನ ಪಾದ್ರಿ ಓಲಾಸ್ ಮಾಗ್ನಸ್ 1555ರಲ್ಲಿಯೇ ಒಣಮೀನನ್ನು ಕ್ಷಾರದಲ್ಲಿ ನೆನೆಸಿ ಬೆಣ್ಣೆಯೊಂದಿಗೆ ತಿನ್ನುವುದನ್ನು ಬರೆದಿಟ್ಟಿದ್ದಾನೆ. ವೈಕಿಂಗರ ಮನೆಗೆ ಬೆಂಕಿ ಬಿದ್ದು, ಮೀನಿನ ಮೇಲೆ ಬೂದಿ ಬಿದ್ದು, ಮಳೆ ಬಂದು ಲೂಟೆಫಿಸ್ಕ್ ಹುಟ್ಟಿತೆಂಬ ಕಥೆಗಳನ್ನು ಕೇಳಿ ನಗಬಹುದು, ನಂಬಬೇಕಾಗಿಲ್ಲ.

ಮೀನನ್ನು ಮಾತ್ರ ನೋಡಿ ಇದನ್ನು ಅಳೆಯುವವರು ತಟ್ಟೆಯನ್ನು ಪೂರ್ತಿ ನೋಡಿರುವುದಿಲ್ಲ. ಹುರಿದ ಬೇಕನ್ ತುಂಡುಗಳು, ಅದರ ಬಿಸಿ ಕೊಬ್ಬು, ಹಸಿರು ಬಟಾಣಿಯ ಮುದ್ದೆ, ಆಲೂಗಡ್ಡೆ, ಕೆಲವು ಸೀಮೆಗಳಲ್ಲಿ ಸಾಸಿವೆ, ಇನ್ನು ಕೆಲವೆಡೆ ಕಂದು ಬಣ್ಣದ ಸಿಹಿ ಚೀಸ್ ಅಥವಾ ಸಿರಪ್, ಇವುಗಳ ಉಪ್ಪು, ಕೊಬ್ಬು, ಸಿಹಿಗಳನ್ನೆಲ್ಲ ಹೊತ್ತುಕೊಳ್ಳುವ ಕೆಲಸ ಮೀನಿನದು.

ನಾರ್ವೆಯವರಿಗಿಂತ ಅಮೆರಿಕದ ನಾರ್ವೆ ಮೂಲದವರೇ ಲೂಟೆಫಿಸ್ಕ್ ಬಗ್ಗೆ ಹೆಚ್ಚು ಅಭಿಮಾನ ತೋರಿಸುವುದು ಏಕೆ?

1825ರ ಜುಲೈ 4ರಂದು ‘ರೆಸ್ಟೊರಾಷಿಯೊನ್’ ಎಂಬ ಚಿಕ್ಕ ಹಡಗು ಸ್ಟಾವಂಗರ್ ಬಂದರಿನಿಂದ ಹೊರಟು ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಸೇರಿತು. ಸಂಘಟಿತ ವಲಸೆ ಆರಂಭವಾದದ್ದು ಅಲ್ಲಿಂದ. ಮುಂದಿನ ನೂರು ವರ್ಷಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ನಾರ್ವೆ ಬಿಟ್ಟು ಉತ್ತರ ಅಮೆರಿಕಕ್ಕೆ ಹೋದರು. ಅವರಲ್ಲಿ ಬಹುಪಾಲು ಜನ ಬಡ ರೈತರು, ಕೂಲಿಕಾರರು. ಒಣಮೀನು ಅಗ್ಗವಾಗಿತ್ತು, ಹಗುರವಾಗಿತ್ತು, ಸಮುದ್ರ ದಾಟಿ ರೈಲಿನಲ್ಲಿ ಬಯಲು ಸೀಮೆಯ ಒಳಗೆ ಹೋದರೂ ಕೆಡುತ್ತಿರಲಿಲ್ಲ. ಸಮುದ್ರವನ್ನೇ ಕಾಣದ ಡಕೋಟದ ಗೋಧಿ ಹೊಲಗಳ ನಡುವೆ ಊರಿನ ಹಬ್ಬವನ್ನು ಮಾಡಲು ಅದು ಒದಗಿತು. ಹಂದಿ, ಕುರಿ ಹೊಸ ನೆಲದಲ್ಲೂ ಇದ್ದವು, ಹಾಗಾಗಿ ಅವು ‘ಊರಿನ’ ಗುರುತಾಗಿ ಉಳಿಯಲಿಲ್ಲ. ಲೂಟೆಫಿಸ್ಕ್‌ನಂಥದ್ದು ಪಕ್ಕದ ಮನೆಯ ಐರಿಷ್ ಅಥವಾ ಜರ್ಮನ್ ಕುಟುಂಬದಲ್ಲಿ ಇರಲಿಲ್ಲವಾದ್ದರಿಂದ ಗುರುತಾಗಿ ನಿಂತಿತು ಎಂಬುದು ನನ್ನ ತಿಳಿವಳಿಕೆ.

ಅದನ್ನು ಉಳಿಸಿದ ಸಂಸ್ಥೆ ಚರ್ಚು. ಮಿನ್ನೆಸೋಟ ಮತ್ತು ಸುತ್ತಲಿನ ರಾಜ್ಯಗಳ ಲೂಥರನ್ ಚರ್ಚುಗಳಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಲೂಟೆಫಿಸ್ಕ್ ಊಟಗಳು ನಡೆಯುತ್ತವೆ. ಟಿಕೆಟ್ ಕೊಂಡವರು ತಮ್ಮ ಸರದಿ ಬರುವವರೆಗೆ ಪ್ರಾರ್ಥನಾ ಮಂದಿರದ ಬೆಂಚುಗಳ ಮೇಲೆ ಕಾಯುತ್ತಾರೆ, ಕರೆ ಬಂದಾಗ ನೆಲಮಾಳಿಗೆಗೆ ಇಳಿಯುತ್ತಾರೆ, ಅಲ್ಲಿ ಉದ್ದನೆಯ ಮೇಜುಗಳಲ್ಲಿ ಸ್ವಯಂಸೇವಕರು ಮೀನು, ಕರಗಿಸಿದ ಬೆಣ್ಣೆಯ ಜಗ್ಗು, ಆಲೂಗಡ್ಡೆ ಮತ್ತು ಲೆಫ್ಸೆ ಎಂಬ ತೆಳು ರೊಟ್ಟಿಯನ್ನು ಬಡಿಸುತ್ತ ಹೋಗುತ್ತಾರೆ. ಮೀನು ಒಲ್ಲದವರಿಗಾಗಿ ಮಾಂಸದ ಉಂಡೆಗಳೂ ಇರುತ್ತವೆ. ಮಿನ್ನೆಸೋಟದ ಮ್ಯಾಡಿಸನ್ ಎಂಬ ಸಣ್ಣ ಊರು ತನ್ನನ್ನು ಅಮೆರಿಕದ ಲೂಟೆಫಿಸ್ಕ್ ರಾಜಧಾನಿಯೆಂದು ಕರೆದುಕೊಂಡು, ದೊಡ್ಡದೊಂದು ಕಾಡ್ ಮೀನಿನ ಪ್ರತಿಮೆಯನ್ನೂ ನಿಲ್ಲಿಸಿದೆ. ಹಾಗೆಂದು ನಾರ್ವೆಯಲ್ಲಿ ಇದು ಮರೆತುಹೋದ ತಿನಿಸಲ್ಲ. ಅಲ್ಲಿ ಇದು ಈಗ ನವೆಂಬರ್-ಡಿಸೆಂಬರ್ ತಿಂಗಳ ಹೋಟೆಲ್ ಊಟವಾಗಿ, ಸಾಕಷ್ಟು ದುಬಾರಿ ಊಟವಾಗಿಯೇ, ಬೇಡಿಕೆ ಉಳಿಸಿಕೊಂಡಿದೆ.

ಲೂಟೆಫಿಸ್ಕ್ ಅನ್ನು ಮನೆಯಲ್ಲೇ ತಯಾರಿಸಬಹುದೇ?

ಕ್ಷಾರದಲ್ಲಿ ನೆನೆಸುವ ಹಂತವನ್ನು ಮನೆಯಲ್ಲಿ ಮಾಡಬೇಡಿ. ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಸರಿಯಾಗಿ ತೊಳೆಯದ ಮೀನು ಬಾಯಿ ಮತ್ತು ಅನ್ನನಾಳಕ್ಕೆ ಅಪಾಯಕಾರಿ. ನೆನೆಸಿ ತೊಳೆದು ಸಿದ್ಧಗೊಳಿಸಿದ ಮೀನು ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಉಪ್ಪು ಉದುರಿಸಿ, ನೀರು ಹಾಕದೆ, ಮುಚ್ಚಿದ ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ 200 ಡಿಗ್ರಿ ಶಾಖದ ಒಲೆಯಲ್ಲಿ ಅರ್ಧ ಗಂಟೆಯಿಂದ ನಲವತ್ತು ನಿಮಿಷ ಇಟ್ಟರೆ ಸಾಕು. ಅಲ್ಯೂಮಿನಿಯಂ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿಯ ಚಮಚಗಳೂ ಹಾಳಾಗುತ್ತವೆ. ಅಜ್ಜಿಯ ಬೆಳ್ಳಿಯನ್ನು ಆ ದಿನ ಮೇಜಿಗೆ ತರಬೇಡಿ. ಬೇಯುವಾಗ ಮೀನು ಬಹಳಷ್ಟು ನೀರು ಬಿಟ್ಟು ಕುಗ್ಗುವುದರಿಂದ ಒಬ್ಬರಿಗೆ ಅರ್ಧ ಕಿಲೋಗಿಂತ ಹೆಚ್ಚು ಲೆಕ್ಕ ಹಾಕಬೇಕು.

ಲೆಫ್ಸೆ ಮಾಡುವುದನ್ನು ಕಲಿಯಬೇಕು. ಎಲ್ಲಿಂದ ಆರಂಭಿಸಲಿ?

ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಒಬ್ಬರು ಲಟ್ಟಿಸಬೇಕು, ಒಬ್ಬರು ಕಾವಲಿ ನೋಡಿಕೊಳ್ಳಬೇಕು, ಒಬ್ಬರು ಬಟ್ಟೆಯಲ್ಲಿ ಸುತ್ತಿಡಬೇಕು. ಅಮೆರಿಕದ ಅನೇಕ ಕುಟುಂಬಗಳು ಥ್ಯಾಂಕ್ಸ್‌ಗಿವಿಂಗ್‌ನ ಆಸುಪಾಸಿನಲ್ಲಿ ಒಂದು ದಿನವನ್ನು ಇದಕ್ಕೆಂದೇ ಮೀಸಲಿಡುತ್ತವೆ.

ಲೆಫ್ಸೆಗಳಲ್ಲಿ ಹಲವು ಬಗೆ. ಹಾರ್ಡಂಗರ್ ಕಡೆಯದಕ್ಕೆ ಆಲೂಗಡ್ಡೆ ಇಲ್ಲ, ಅದು ಒಣಗಿ ಗರಿಗರಿಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ, ಬೇಕಾದಾಗ ನೀರು ಚಿಮುಕಿಸಿ ಮೆದು ಮಾಡಿಕೊಳ್ಳುತ್ತಾರೆ. ಅಮೆರಿಕದಲ್ಲಿ ಲೆಫ್ಸೆ ಎಂದರೆ ಸಾಮಾನ್ಯವಾಗಿ ಆಲೂಗಡ್ಡೆಯದು. ನಾರ್ವೆಗೆ ಆಲೂಗಡ್ಡೆ ಬಂದದ್ದೇ 18ನೆಯ ಶತಮಾನದಲ್ಲಿ. ಅದನ್ನು ಬೆಳೆಯಿರಿ ಎಂದು ಜನರಿಗೆ ತಿಳಿಹೇಳಿದವರಲ್ಲಿ ಪಾದ್ರಿಗಳು ಪ್ರಮುಖರು, ಅವರಿಗೆ ‘ಆಲೂಗಡ್ಡೆ ಪಾದ್ರಿಗಳು’ ಎಂಬ ಅಡ್ಡಹೆಸರೇ ಬಿದ್ದಿತ್ತು. ಆದ್ದರಿಂದ ಆಲೂಗಡ್ಡೆ ಲೆಫ್ಸೆ ವೈಕಿಂಗರ ಕಾಲದ್ದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಒಂದು ಕಿಲೋ ಹಿಟ್ಟುಹಿಟ್ಟಾದ ಆಲೂಗಡ್ಡೆಯನ್ನು ಬೇಯಿಸಿ, ಬಿಸಿಯಿರುವಾಗಲೇ ಗಂಟಿಲ್ಲದಂತೆ ಒತ್ತಿ, 50 ಗ್ರಾಂ ಬೆಣ್ಣೆ, 100 ಮಿ.ಲೀ. ಕೆನೆ, ಉಪ್ಪು, ಒಂದು ಚಮಚ ಸಕ್ಕರೆ ಬೆರೆಸಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ತಣ್ಣಗಾಗದ ಆಲೂಗಡ್ಡೆ ಹಿಟ್ಟನ್ನು ಹೀರುತ್ತಲೇ ಹೋಗುತ್ತದೆ, ಲೆಫ್ಸೆ ಚರ್ಮದಂತಾಗುತ್ತದೆ. ಮರುದಿನ 200ರಿಂದ 250 ಗ್ರಾಂ ಮೈದಾ ಸೇರಿಸಿ ಮೃದುವಾಗಿ ಕಲಸಿ. ಹಿಟ್ಟನ್ನು ಒಮ್ಮೆಗೇ ಪೂರ್ತಿ ಕಲಸಿಟ್ಟರೆ ನೀರು ಬಿಡುತ್ತದೆ, ಅರ್ಧರ್ಧ ಕಲಸಿಕೊಳ್ಳುವುದು ಜಾಣತನ. ಬಟ್ಟೆ ಹೊದಿಸಿದ ಮಣೆಯ ಮೇಲೆ, ಗೀರುಗಳಿರುವ ಲಟ್ಟಣಿಗೆಯಿಂದ, ಕೆಳಗಿನ ಬಟ್ಟೆಯ ನೇಯ್ಗೆ ಮಸುಕಾಗಿ ಕಾಣುವಷ್ಟು ತೆಳ್ಳಗೆ ಲಟ್ಟಿಸಿ. ಉದ್ದನೆಯ ಚಪ್ಪಟೆ ಕೋಲನ್ನು ನಡುವಿಗೆ ತೂರಿಸಿ ಎತ್ತಿ, ಎಣ್ಣೆ ಹಾಕದ ಬಿಸಿ ಕಾವಲಿಯ ಮೇಲೆ ಬಿಚ್ಚಿ ಹಾಸಿ. ಕಂದು ಚುಕ್ಕೆಗಳು ಮೂಡಿದೊಡನೆ ತಿರುವಿಹಾಕಿ. ಬೆಂದದ್ದನ್ನು ಒಂದರ ಮೇಲೊಂದು ಬಟ್ಟೆಯೊಳಗೆ ಮುಚ್ಚಿಟ್ಟರೆ ಹಬೆಗೆ ಮೆತ್ತಗಾಗುತ್ತದೆ. ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ ತಿನ್ನುತ್ತಾರೆ. ಒಬ್ಬಟ್ಟು ಲಟ್ಟಿಸಿ ಅಭ್ಯಾಸವಿರುವ ಕೈಗೆ ಇದು ಒಂದೇ ದಿನದಲ್ಲಿ ಒಲಿಯುತ್ತದೆ.

ಅಕ್ಕಿ ಗಂಜಿಯಲ್ಲಿ ಬಾದಾಮಿ ಅಡಗಿಸಿಡುವುದೇಕೆ?

‘ರೀಸ್‌ಗ್ರೋಟ್’ ಎಂಬ ಈ ಹಾಲುಗಂಜಿಯನ್ನು 23ರಂದು ಅಥವಾ 24ರ ಮಧ್ಯಾಹ್ನ ಮಾಡುತ್ತಾರೆ. 200 ಮಿ.ಲೀ. ಅಳತೆಯ ಗಿಡ್ಡ ಅಕ್ಕಿಯನ್ನು 400 ಮಿ.ಲೀ. ನೀರಿನಲ್ಲಿ ಬೇಯಿಸಿ, ನೀರು ಇಂಗಿದ ಮೇಲೆ ಒಂದು ಲೀಟರ್ ಹಾಲು ಸೇರಿಸಿ, ತಳ ಹಿಡಿಯದಂತೆ ಮುಕ್ಕಾಲು ಗಂಟೆ ಕುದಿಸಿ, ಕೊನೆಗೆ ಉಪ್ಪು ಹಾಕಬೇಕು. ಬಾಸುಮತಿ ಇದಕ್ಕೆ ಹೊಂದುವುದಿಲ್ಲ. ತಟ್ಟೆಗೆ ಬಡಿಸಿ, ಸಕ್ಕರೆ ಮತ್ತು ಚಕ್ಕೆಪುಡಿ ಉದುರಿಸಿ, ನಡುವೆ ಒಂದು ಬೆಣ್ಣೆಯ ತುಂಡು ಇಡುತ್ತಾರೆ.

ಪಾತ್ರೆಯಲ್ಲಿ ಸಿಪ್ಪೆ ಸುಲಿದ ಒಂದೇ ಒಂದು ಬಾದಾಮಿ ಇರುತ್ತದೆ. ಅದು ಯಾರ ಪಾಲಿಗೆ ಬರುತ್ತದೆಯೋ ಅವರಿಗೆ ಬಾದಾಮಿ ಹಿಟ್ಟಿನ ಮಿಠಾಯಿಯಾದ ಮಾರ್ಜಿಪಾನಿನ ಹಂದಿಮರಿ ಬಹುಮಾನ. ಸಿಕ್ಕವರು ಅದನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು ಸುಮ್ಮನಿರುತ್ತಾರೆ, ಉಳಿದವರು ಹುಡುಕುತ್ತ ಇನ್ನೊಂದು ತಟ್ಟೆ ಬಡಿಸಿಕೊಳ್ಳುತ್ತಾರೆ. ಹೊಲಮನೆಗಳಲ್ಲಿ ಒಂದು ಬಟ್ಟಲು ಗಂಜಿಯನ್ನು ಕೊಟ್ಟಿಗೆಯಲ್ಲಿ ‘ನಿಸ್ಸೆ’ಗಾಗಿ ಇಡುವ ವಾಡಿಕೆಯೂ ಇದೆ. ದನಕರುಗಳನ್ನು ಕಾಯುವ, ಆದರೆ ಮರೆತರೆ ಮುನಿಯುವ ಪುಟ್ಟ ಮುದುಕ ಈ ನಿಸ್ಸೆ.

‘ಏಳು ಬಗೆ’ ತಿಂಡಿಗಳು ಎಂದರೆ ಯಾವುವು?

ಹಬ್ಬಕ್ಕೆ ಮುನ್ನ ಮನೆಯಲ್ಲಿ ಏಳು ಬಗೆಯ ಬಿಸ್ಕತ್ತು, ಕರಿದ ತಿಂಡಿಗಳನ್ನು ಮಾಡಿ ಡಬ್ಬಿಗಳಲ್ಲಿ ತುಂಬಿಡಬೇಕು ಎನ್ನುವುದು ರೂಢಿ. ಆ ಏಳು ಯಾವುವು ಎನ್ನುವುದು ಒಂದೊಂದು ಮನೆಯಲ್ಲಿ ಒಂದೊಂದು ರೀತಿ, ಆ ಪಟ್ಟಿಯೇ ಮನೆತನದ ಗುರುತು. ಹೆಚ್ಚಾಗಿ ಕಾಣುವವೆಂದರೆ ಸಾಂಡ್‌ಕಾಕೆ, ಕ್ರುಮ್‌ಕಾಕೆ, ಗೋರೊ, ಫಾತಿಗ್‌ಮನ್, ಸ್ಮುಲ್ಟ್‌ರಿಂಗ್, ಬರ್ಲಿನರ್‌ಕ್ರಾನ್ಸ್ ಮತ್ತು ಶುಂಠಿ-ಮಸಾಲೆಯ ಪೆಪ್ಪರ್‌ಕಾಕೆ. ಪೆಪ್ಪರ್‌ಕಾಕೆಯಿಂದ ಮನೆಗಳನ್ನೂ ಕಟ್ಟುತ್ತಾರೆ. ಬೆರ್ಗೆನ್ನಿನಲ್ಲಿ 1991ರಿಂದ ಇಡೀ ನಗರವನ್ನೇ ಕಟ್ಟಿ ಪ್ರದರ್ಶನಕ್ಕೆ ಇಡುತ್ತಿದ್ದಾರೆ.

ಇವುಗಳಲ್ಲಿ ಕೆಲವಕ್ಕೆ ವಿಶೇಷ ಸಲಕರಣೆ ಬೇಕು, ಆ ಸಲಕರಣೆಗಳೇ ಬಳುವಳಿಯಾಗಿ ಬರುತ್ತವೆ. ಕ್ರುಮ್‌ಕಾಕೆಯದು ಉದ್ದ ಹಿಡಿಯ ಎರಡು ಕಬ್ಬಿಣದ ಬಿಲ್ಲೆಗಳು. ಒಳಮೈಯಲ್ಲಿ ಹೂಬಳ್ಳಿಯ ಕೆತ್ತನೆ ಇರುತ್ತದೆ. ಕಾದ ಬಿಲ್ಲೆಗಳ ನಡುವೆ ಒಂದು ಚಮಚ ಹಿಟ್ಟು ಹಾಕಿ ಒತ್ತಿದರೆ ನಿಮಿಷದೊಳಗೆ ತೆಳ್ಳನೆಯ ಚಿತ್ರದ ಹಾಳೆ ಸಿದ್ಧವಾಗುತ್ತದೆ, ಬೆರಳು ಸುಡುತ್ತಿರುವಾಗಲೇ ಅದನ್ನು ಮರದ ಶಂಕುವಿಗೆ ಸುತ್ತಿಬಿಡಬೇಕು, ಒಂದೆರಡು ಕ್ಷಣ ತಡವಾದರೂ ಮುರಿಯುತ್ತದೆ. ಸಾಂಡ್‌ಕಾಕೆಗೆ ಅಂಚು ನಿರಿಗೆಯಾದ ಪುಟ್ಟ ತವರದ ಅಚ್ಚುಗಳು ಬೇಕು. ಬಾದಾಮಿ ಹಿಟ್ಟನ್ನು ಹೆಬ್ಬೆರಳಿನಿಂದ ಅಚ್ಚಿನ ಗೋಡೆಗೆ ಸಮನಾಗಿ ಒತ್ತಬೇಕು, ತಳದಲ್ಲಿ ದಪ್ಪವಾದರೆ ಬೇಯುವುದಿಲ್ಲ, ಅಂಚಿನಲ್ಲಿ ತೆಳುವಾದರೆ ಕರಕಲಾಗುತ್ತದೆ. ಹಳೆಯ ಅಚ್ಚುಗಳನ್ನು ಸೋಪು ಹಾಕಿ ಉಜ್ಜದೆ ಒಣಬಟ್ಟೆಯಿಂದ ಒರೆಸಿಡುವುದೇ ವಾಡಿಕೆ.

ಈ ತಿಂಡಿಗಳಲ್ಲಿ ಏಲಕ್ಕಿ ಎಲ್ಲಿಂದ ಬಂತು?

ಗೋರೊ, ಫಾತಿಗ್‌ಮನ್, ಹಬ್ಬದ ಬ್ರೆಡ್ಡಾದ ಯೂಲೆಕಾಕೆ, ಇವೆಲ್ಲದರ ಪರಿಮಳ ಏಲಕ್ಕಿಯದೇ. ಏಲಕ್ಕಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ. ಕೊಡಗು, ಸಕಲೇಶಪುರ, ಮಲೆನಾಡಿನ ತೋಟಗಳು ಅದಕ್ಕೆ ಹಿಂದಿನಿಂದಲೂ ಹೆಸರಾಗಿವೆ, ಅದನ್ನು ಬೆಳೆಯದ ಹಾವೇರಿ ಕೂಡ ಏಲಕ್ಕಿ ಮಾಲೆಯಿಂದ ಪ್ರಸಿದ್ಧವಾಗಿದೆ. ಇಂದು ಜಗತ್ತಿಗೆ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಗ್ವಾಟೆಮಾಲ, ಹಾಗಾಗಿ ಓಸ್ಲೊದ ಅಂಗಡಿಯ ಡಬ್ಬಿಯಲ್ಲಿರುವುದು ಕೊಡಗಿನದೇ ಎನ್ನಲಾಗದು. ಊರಿನಿಂದ ಹೋಗುವವರು ಹಸಿರು ಏಲಕ್ಕಿಯನ್ನು ಉಡುಗೊರೆಯಾಗಿ ಒಯ್ದರೆ ಅಲ್ಲಿನ ಹಿರಿಯರು ಸಂತೋಷದಿಂದ ಬಳಸುತ್ತಾರೆ. ಅವರ ಅಡುಗೆಯಲ್ಲಿ ಬೀಜವನ್ನು ಒರಟಾಗಿ ಕುಟ್ಟಿ ಹಾಕುವುದೇ ಹೆಚ್ಚು.

ಅವರ ‘ರೊಸೆಟ್’ ಮತ್ತು ಮಂಗಳೂರಿನ ಕುಸ್ವಾರಿನ ಹೂವಿನ ತಿಂಡಿ ಒಂದೇ ಅಲ್ಲವೇ?

ತಯಾರಿಸುವ ವಿಧಾನ ಒಂದೇ. ಹೂವಿನಾಕಾರದ ಲೋಹದ ಅಚ್ಚನ್ನು ಬಿಸಿ ಎಣ್ಣೆಯಲ್ಲಿ ಕಾಯಿಸಿ, ತೆಳು ಹಿಟ್ಟಿನಲ್ಲಿ ಅಂಚು ಮುಳುಗದಂತೆ ಅದ್ದಿ, ಮತ್ತೆ ಎಣ್ಣೆಗೆ ಇಳಿಸಿ ಅಲುಗಿಸಿದರೆ ಹೂವು ಬಿಟ್ಟುಕೊಳ್ಳುತ್ತದೆ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್‌ಮಸ್ ಕುಸ್ವಾರಿಗೆ ಮಾಡುವ ಕೊಕ್ಕಿಸಾಂ ಇದೇ ಬಗೆಯದು. ನಮ್ಮದರಲ್ಲಿ ಅಕ್ಕಿಹಿಟ್ಟು, ತೆಂಗಿನ ಹಾಲು ಇದ್ದರೆ ಅವರದರಲ್ಲಿ ಗೋಧಿಹಿಟ್ಟು, ಹಾಲು, ಮೊಟ್ಟೆ ಇರುತ್ತವೆ. ಕರಾವಳಿಯ ಅಚ್ಚನ್ನು ಅಲ್ಲಿಗೂ ಒಯ್ದು ಧಾರಾಳವಾಗಿ ಬಳಸಬಹುದು.

ಸಸ್ಯಾಹಾರಿಗಳು ಏನು ತಿನ್ನಬಹುದು?

ಗಂಜಿ ಮತ್ತು ಲೆಫ್ಸೆ ಮೊಟ್ಟೆಯೂ ಇಲ್ಲದ ಸಸ್ಯಾಹಾರ. ಬಿಸ್ಕತ್ತುಗಳಲ್ಲಿ ಬಹುತೇಕ ಮೊಟ್ಟೆ ಇರುತ್ತದೆ. ಸ್ಮುಲ್ಟ್‌ರಿಂಗ್, ಫಾತಿಗ್‌ಮನ್‌ಗಳನ್ನು ಸಂಪ್ರದಾಯದಂತೆ ಹಂದಿಯ ಕೊಬ್ಬಿನಲ್ಲಿ ಕರಿಯುತ್ತಾರೆ, ಆದ್ದರಿಂದ ಯಾವುದರಲ್ಲಿ ಕರಿದದ್ದು ಎಂದು ಸಂಕೋಚವಿಲ್ಲದೆ ಕೇಳಿ. ರುಟಬಾಗ ಮುದ್ದೆಗೆ ಮಾಂಸದ ರಸ ಬೆರೆಸುವ ಮೊದಲೇ ಒಂದು ಪಾಲು ತೆಗೆದಿಡಲು ಹೇಳಿದರೆ ಯಾರೂ ಬೇಸರಪಡುವುದಿಲ್ಲ. ಎಲೆಕೋಸಿಗೂ ಎಷ್ಟೋ ಮನೆಗಳಲ್ಲಿ ರಿಬ್ಬೆಯ ಕೊಬ್ಬು ಸೇರುತ್ತದೆ.

ಕೊಳೆಯಿಸಿದ ಮೀನು, ಕುರಿಯ ತಲೆ ತಿನ್ನುತ್ತಾರೆಂಬುದು ನಿಜವೇ?

ನಿಜ. ‘ರಾಕ್‌ಫಿಸ್ಕ್’ ಎಂದರೆ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿದ ಟ್ರೌಟ್ ಮೀನು, ವಾಲ್ಡ್ರೆಸ್ ಕಣಿವೆ ಇದಕ್ಕೆ ಹೆಸರುವಾಸಿ. ಬೇಯಿಸದೆ ತಿನ್ನುವುದರಿಂದ ಲಿಸ್ಟೀರಿಯಾ ಸೋಂಕಿನ ಭಯವಿದೆ, ಗರ್ಭಿಣಿಯರು ಮುಟ್ಟಲೇಬಾರದು. ‘ಸ್ಮಾಲಾಹೋವೆ’ ಎಂದರೆ ಸುಟ್ಟು, ಉಪ್ಪು ಹಾಕಿ, ಹೊಗೆಯಲ್ಲಿಟ್ಟು ಬೇಯಿಸಿದ ಕುರಿಯ ತಲೆ, ವೊಸ್ ಸೀಮೆಯದು. ಕೊಬ್ಬು ತಣ್ಣಗಾಗುವ ಮೊದಲೇ ಕಿವಿ ಮತ್ತು ಕಣ್ಣಿನ ಭಾಗದಿಂದ ಶುರುಮಾಡುತ್ತಾರೆ. ತಲೆಮಾಂಸ ತಿಂದು ಬಲ್ಲವರಿಗೆ ಇದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ.

ಊಟದ ಜೊತೆ ಏನು ಕುಡಿಯುತ್ತಾರೆ?

ಮಕ್ಕಳಿಗೆ ‘ಯೂಲೆಬ್ರೂಸ್’ ಎಂಬ ಹಬ್ಬದ ಸೋಡಾ, ದೊಡ್ಡವರಿಗೆ ಬಿಯರ್ ಮತ್ತು ಶಾಜೀರಿಗೆಯ ಪರಿಮಳದ ‘ಅಕೆವಿಟ್’ ಎಂಬ ಮದ್ಯ. ಹಬ್ಬದ ಬಿಯರಿನ ಹಿಂದೆ ಕಾನೂನೇ ಇತ್ತು: ಪಶ್ಚಿಮ ನಾರ್ವೆಯ ಮಧ್ಯಯುಗದ ಗುಲಾಟಿಂಗ್ ಕಾಯಿದೆಯ ಪ್ರಕಾರ ರೈತರು ಯೂಲ್‌ಗೆ ಬಿಯರ್ ತಯಾರಿಸಲೇಬೇಕಾಗಿತ್ತು, ತಪ್ಪಿದರೆ ದಂಡ.

ನಮ್ಮ ಪೂರ್ವಿಕರು ನಾರ್ವೆಯವರೆಂದು ಗೊತ್ತು, ಯಾವ ಸೀಮೆಯವರೆಂದು ಗೊತ್ತಿಲ್ಲ. ಯಾವ ಅಡುಗೆ ಮಾಡಬೇಕು?

ಮೊದಲು ಮನೆಯಲ್ಲಿರುವ ಸಾಮಾನುಗಳನ್ನು ನೋಡಿ. ಗೋರೊ ಅಚ್ಚು, ಲೆಫ್ಸೆ ಕೋಲು, ಹಳೆಯ ಪುಸ್ತಕದ ಅಂಚಿನ ಟಿಪ್ಪಣಿ, ಪತ್ರಗಳ ಮೇಲಿನ ಊರಿನ ಮುದ್ರೆ. ಅನಂತರ ನಾರ್ವೆಯ ರಾಷ್ಟ್ರೀಯ ಪತ್ರಾಗಾರದ ‘ಡಿಜಿಟಲಾರ್ಕಿವೆ’ ಜಾಲತಾಣದಲ್ಲಿ ಚರ್ಚಿನ ದಾಖಲೆಗಳನ್ನೂ 1865, 1900, 1910ರ ಜನಗಣತಿಗಳನ್ನೂ ಹಣ ಕೊಡದೆ ನೋಡಬಹುದು. ನಾರ್ವೆಯ ಎಷ್ಟೋ ಮನೆತನದ ಹೆಸರುಗಳು ಹೊಲಮನೆಗಳ ಹೆಸರುಗಳೇ ಆಗಿರುವುದರಿಂದ ಹೆಸರಿನಿಂದಲೇ ಕಣಿವೆಯವರೆಗೆ ತಲುಪಲು ಸಾಧ್ಯವಾಗುವುದುಂಟು. ಅಯೋವಾದ ಡೆಕೋರಾದಲ್ಲಿರುವ ವೆಸ್ಟರ್‌ಹೈಮ್ ವಸ್ತುಸಂಗ್ರಹಾಲಯ ವಲಸೆ ಬಂದವರ ಗೃಹೋಪಯೋಗಿ ವಸ್ತುಗಳನ್ನು ಕಾಪಾಡಿದೆ. 1895ರಲ್ಲಿ ಮಿನ್ನೆಯಾಪೊಲಿಸ್‌ನಲ್ಲಿ ಹುಟ್ಟಿದ ‘ಸನ್ಸ್ ಆಫ್ ನಾರ್ವೆ’ ಸಂಘದ ಶಾಖೆಗಳಲ್ಲಿ ಲೆಫ್ಸೆ ಕಲಿಸುವವರು ಸಿಗುತ್ತಾರೆ.

ಏನೂ ಗೊತ್ತಾಗದಿದ್ದರೆ ಅಜ್ಜಿ ಮಾಡುತ್ತಿದ್ದುದನ್ನೇ ಮಾಡಿ. ಅದು ನಾರ್ವೆಯ ಇಂದಿನ ಅಡುಗೆ ಪುಸ್ತಕದಲ್ಲಿ ಇಲ್ಲದಿದ್ದರೂ, ಅದರಲ್ಲಿ ಡಬ್ಬಿಯ ಸೂಪು ಸೇರಿದ್ದರೂ, ನಿಮ್ಮ ಮನೆಯ ಮಟ್ಟಿಗೆ ಅದೇ ಮೂಲ.

ಅಜ್ಜಿಯ ಪಾಕವನ್ನು ಬರೆದಿಟ್ಟುಕೊಳ್ಳುವುದು ಹೇಗೆ? ‘ಹದ ನೋಡಿ ಹಾಕು’ ಎನ್ನುವುದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ.

ಕೇಳಿ ಬರೆದುಕೊಂಡರೆ ಅರ್ಧವೇ ಸಿಗುತ್ತದೆ. ಅವರು ಹಿಟ್ಟು ಹಾಕುವ ಮೊದಲು ಡಬ್ಬಿಯನ್ನು ತೂಗಿ, ಹಾಕಿದ ಮೇಲೆ ಮತ್ತೆ ತೂಗಿ, ವ್ಯತ್ಯಾಸವನ್ನು ಬರೆದುಕೊಳ್ಳಿ. ಕೈಗಳನ್ನು ಮಾತ್ರ ವಿಡಿಯೋ ಮಾಡದೆ ಮಾತನ್ನೂ ದಾಖಲಿಸಿ. ಆಲೂಗಡ್ಡೆಯ ಜಾತಿ, ಕಾವಲಿಯ ಶಾಖ, ಪಾತ್ರೆಯ ಅಗಲ ಇವು ಯಾರೂ ಬರೆಯದ, ಆದರೆ ಫಲಿತಾಂಶವನ್ನು ನಿರ್ಧರಿಸುವ ಸಂಗತಿಗಳು. ಹಳೆಯ ಚೀಟಿಗಳಲ್ಲಿ ‘ಹೋರ್ನ್‌ಸಾಲ್ಟ್’ ಎಂದಿದ್ದರೆ ಅದು ಬೇಕರಿಗಳವರು ಬಳಸುವ ಅಮೋನಿಯಂ ಉಪ್ಪು. ಬೇಯುವಾಗ ಮೂಗಿಗೆ ಅಡರುತ್ತದೆ, ಆರಿದ ಮೇಲೆ ವಾಸನೆ ಉಳಿಯುವುದಿಲ್ಲ. ಅದರ ಹಸಿ ಹಿಟ್ಟನ್ನು ಮಕ್ಕಳು ನೆಕ್ಕದಂತೆ ನೋಡಿಕೊಳ್ಳಿ.

ಮೊದಲ ಬಾರಿ ಅಂಥ ಮನೆಗೆ ಊಟಕ್ಕೆ ಹೋಗುತ್ತಿದ್ದೇನೆ. ಏನು ಗಮನದಲ್ಲಿಡಬೇಕು?

ನಾರ್ವೆಯಲ್ಲಿ ಚಪ್ಪಲಿ, ಬೂಟುಗಳನ್ನು ಬಾಗಿಲಲ್ಲೇ ಬಿಡಬೇಕು, ಈ ವಿಷಯದಲ್ಲಿ ನಮಗೂ ಅವರಿಗೂ ಭೇದವಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ, ಏಕೆಂದರೆ ರಿಬ್ಬೆಯ ಚರ್ಮ ಕಾಯುವುದಿಲ್ಲ. ಊಟ ಮುಗಿದು ಏಳುವಾಗ ‘ತಾಕ್ ಫೊರ್ ಮಾತೆನ್’ ಎಂದು ಅಡುಗೆ ಮಾಡಿದವರಿಗೆ ಕೃತಜ್ಞತೆ ಹೇಳುವುದು ಮಕ್ಕಳಿಗೂ ಕಲಿಸಿರುವ ಪದ್ಧತಿ. ಲೂಟೆಫಿಸ್ಕ್ ಬಡಿಸಿದರೆ ಮೊದಲು ಚಿಕ್ಕ ತುಂಡು ತೆಗೆದುಕೊಂಡು, ಬೇಕನ್ ತಿನ್ನುವವರಾದರೆ ಅದರ ಕೊಬ್ಬನ್ನು, ಇಲ್ಲವಾದರೆ ಬೆಣ್ಣೆಯನ್ನು ಧಾರಾಳವಾಗಿ ಹಾಕಿಕೊಳ್ಳಿ.

ಉಳಿದ ಅಡುಗೆಯನ್ನು ಏನು ಮಾಡುತ್ತಾರೆ?

ಗಂಜಿ ಉಳಿದರೆ ತಣ್ಣಗಾದ ಮೇಲೆ ಕಡೆದ ಕೆನೆ, ಸಕ್ಕರೆ ಬೆರೆಸಿ ‘ರೀಸ್‌ಕ್ರೇಮ್’ ಮಾಡಿ, ಕೆಂಪು ಹಣ್ಣಿನ ರಸ ಸುರಿದು 24ರ ರಾತ್ರಿಯೇ ಸಿಹಿಯಾಗಿ ಬಡಿಸುತ್ತಾರೆ, ಎಷ್ಟೋ ಮನೆಗಳಲ್ಲಿ ಬಾದಾಮಿ ಅಡಗುವುದು ಇದರಲ್ಲೇ. ರಿಬ್ಬೆಯನ್ನು ತಣ್ಣಗೆ ಹೋಳು ಮಾಡಿ ಬ್ರೆಡ್ಡಿನ ಮೇಲಿಟ್ಟು ಸಾಸಿವೆಯೊಂದಿಗೆ ತಿನ್ನುತ್ತಾರೆ. ಲೆಫ್ಸೆಯನ್ನು ನಾಲ್ಕಾಗಿ ಮಡಿಸಿ, ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಟ್ಟರೆ ಕೆಲವು ತಿಂಗಳು ಇರುತ್ತದೆ. ತಿನ್ನುವ ಮೊದಲು ಬಟ್ಟೆಯಲ್ಲಿ ಸುತ್ತಿ ಹೊರಗಿಟ್ಟು ಕರಗಿಸಬೇಕು. ಬಿಸ್ಕತ್ತುಗಳನ್ನು ಬಗೆಬಗೆಯಾಗಿ ಬೇರೆ ಬೇರೆ ಡಬ್ಬಿಗಳಲ್ಲಿಡಿ, ಏಕೆಂದರೆ ಗರಿಗರಿಯಾದ ಕ್ರುಮ್‌ಕಾಕೆಯನ್ನು ಮೆತ್ತನೆಯ ತಿಂಡಿಯ ಜೊತೆ ಇಟ್ಟರೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ.